ಸೋಡಾ ಬೆಲಾರ್ಮಿನೊನ ಹುಬ್ಬು

ನಂಬುವುದಿಲ್ಲ ಅಂತೀಯಲ್ಲ, ಸರಿ, ನಂಬಬೇಡ. ಆದರೆ ಹಾಗೆ ಹಲ್ಲು ಕಿರಿಯಬೇಡ. ಫೋನಿಗೆ ಮನುಷ್ಯನ ಹುಬ್ಬು ಓದಲು ಬರುತ್ತದೆ ಅಂದರೆ ಬರುತ್ತದೆ. ನಿನ್ನ ಜೇಬಿನಲ್ಲಿರುವುದನ್ನು ನೀನು ಹಾಡು ಕೇಳುವುದಕ್ಕೂ ಭಾಮೈದನ ಜೊತೆ ಜಗಳ ಆಡುವುದಕ್ಕೂ ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿದವನಲ್ಲ. ಅದರ ಹೊಟ್ಟೆಯೊಳಗೆ ಏನೇನು ಅಡಗಿದೆ ಅಂತ ನಿನಗೇನು ಗೊತ್ತು? ಹೋಗಿ ಸೋಡಾ ಬೆಲಾರ್ಮಿನೊನನ್ನು ಕೇಳು. ಅವನ ಹುಬ್ಬು ಒಂದು ಇಡೀ ಚಳಿಗಾಲ ಅವನ ಮೇಲೆಯೇ ಚಾಡಿ ಹೇಳಿತು. ನಲವತ್ತು ವರ್ಷದ ಜೊತೆಗಾರ ಅವನ ಮುಖ ನೋಡುವುದನ್ನು ಬಿಟ್ಟ. ಆ ಮುಖವಾದರೂ ಹೇಗಿತ್ತು, ಅರ್ಧ ಬೋಳಿಸಿ ಅರ್ಧ ಬಿಟ್ಟ ಮುಖ! ಇದರಲ್ಲಿ ನಾನು ಸೇರಿಸಿದ್ದು ಉಪ್ಪು ಮಾತ್ರ, ಮಾಂಸವೆಲ್ಲ ನಿಜದ್ದೇ.

ಬೆಲಾರ್ಮಿನೊ ಸಾಪಿಕೊ ಅಂದರೆ ನಮ್ಮೂರು ಪಾಸೊ ತೋರ್ದೊದಲ್ಲಿ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಸೋಡಾ ಬೆಲಾರ್ಮಿನೊ ಅಂದರೆ ನಾಯಿಗಳಿಗೂ ಗೊತ್ತು. ಅವನ ಹಳೇ ಲಾರಿ ಮಣ್ಣುರಸ್ತೆಗೆ ಇಳಿದರೆ ಹಿಂದಿನ ಪೆಟ್ಟಿಗೆಗಳಲ್ಲಿ ಬಾಟಲಿಗಳು ಕಿಣಿಕಿಣಿ ಅನ್ನುತ್ತಿದ್ದವು, ಹೆಂಗಸರು ಖಾಲಿ ಬಾಟಲಿ ಹಿಡಿದು ಗೇಟಿಗೆ ಬರುತ್ತಿದ್ದರು. ಅಪ್ಪನ ಕಾಲದಿಂದ ಅದೇ ಕಸುಬು. ಅವನು ತುಂಬಿದ ಸೋಡಾ ಎಷ್ಟು ಖಾರ ಅಂದರೆ, ಒಂದು ಸಲ ಪಾದ್ರಿಯವರು ಊಟದ ಮೇಜಿನಲ್ಲಿ ಬಾಟಲಿಯ ಹಿಡಿ ಒತ್ತಿದಾಗ ಚಿಮ್ಮಿದ ಸೋಡಾಕ್ಕೆ ಎದುರಿಗೆ ಕೂತಿದ್ದ ಬೆಕ್ಕು ಪಕ್ಕದ ಮನೆ ಅಂಗಳಕ್ಕೆ ಹೋಗಿ ಬಿತ್ತು. ಅವಮಾನಕ್ಕೆ ವಾಪಸು ಬರಲೇ ಇಲ್ಲ. ಈಗಲೂ ಅಲ್ಲೇ ಇದೆ, ಬೇಕಾದರೆ ಹೋಗಿ ನೋಡು.

ಇನ್ನು ಅವನ ಹುಬ್ಬು. ಷೂ ಪಾಲಿಷ್ ಮಾಡುವ ಎರಡು ಬ್ರಷ್ಷನ್ನು ಹಣೆಗೆ ಅಂಟಿಸಿದರೆ ಹೇಗಿರುತ್ತದೆ, ಹಾಗೆ. ಮಳೆ ಬಂದರೆ ಕಣ್ಣಿಗೆ ನೀರು ಇಳಿಯದು. ಈ ಹುಬ್ಬಿಗೆ ಒಂದು ಚಟ ಇತ್ತು. ಇಸ್ಪೀಟಿನಲ್ಲಿ ಕತ್ತಿ ಎಕ್ಕ ಕಂಡರೆ ಸಾಕು, ಮೇಲಕ್ಕೆ ಹೋಗಿಬಿಡುತ್ತಿತ್ತು.

ನೀನೂ ತ್ರುಕೊ ಆಡುವವನೇ. ಆದರೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀನು ಆಡುವುದನ್ನು ನಾನು ನೋಡಿದ್ದೇನೆ. ನಾಲ್ಕು ಜನ, ಎದುರುಬದುರು ಕೂತವರು ಜೊತೆಗಾರರು. ಕೈಗೆ ಮೂರೇ ಎಲೆ. ಎಲ್ಲಕ್ಕಿಂತ ದೊಡ್ಡದು ಕತ್ತಿ ಎಕ್ಕ. ನನ್ನ ಕೈಯಲ್ಲಿ ಏನಿದೆ ಅಂತ ಜೊತೆಗಾರನಿಗೆ ಬಾಯಿಬಿಟ್ಟು ಹೇಳುವ ಹಾಗಿಲ್ಲ, ಮುಖದಲ್ಲೇ ಸನ್ನೆ ಮಾಡಬೇಕು. ಹುಬ್ಬೇರಿಸಿದರೆ ಕತ್ತಿ ಎಕ್ಕ, ಕಣ್ಣು ಹೊಡೆದರೆ ದೊಣ್ಣೆ ಎಕ್ಕ, ತುಟಿ ಕಚ್ಚಿದರೆ ತಿಗಡಿ, ಅಂದರೆ ಮೂರರ ಎಲೆ. ಎದುರಾಳಿ ಆಚೆ ನೋಡಿದ ಗಳಿಗೆಯಲ್ಲಿ ಮಾಡಿ ಮುಗಿಸಬೇಕು. ಆಮೇಲೆ ‘ತ್ರುಕೊ!’ ಅಂತ ಪಂಥ ಕೂಗುವುದು. ಎದುರಿನವರು ಹೆದರಿ ಎಲೆ ಬಿಸಾಕಿದರೆ ಏನೂ ತೋರಿಸದೆ ನಾವೇ ಗೆದ್ದ ಹಾಗೆ. ಈ ಆಟದಲ್ಲಿ ಸುಳ್ಳು ಸನ್ನೆ ಮಾಡುವುದು ತಪ್ಪಲ್ಲ. ಮಾಡದೆ ಇರುವವನನ್ನೇ ಎಲ್ಲರೂ ಅನುಮಾನದಿಂದ ನೋಡುವುದು.

ಬೆಲಾರ್ಮಿನೊನ ಜೊತೆಗಾರ ಕ್ಷೌರದ ಎವಾರಿಸ್ತೊ. ಬೆಲಾರ್ಮಿನೊನ ಹೆಂಡತಿ ಎರ್ಸಿಲಿಯಾಳ ಅಣ್ಣ. ನಲವತ್ತು ವರ್ಷದಿಂದ ಪ್ರತಿ ಶನಿವಾರ ಬೆಳಿಗ್ಗೆ ಎವಾರಿಸ್ತೊನ ಅಂಗಡಿಯಲ್ಲಿ ಬೆಲಾರ್ಮಿನೊ ಗಡ್ಡ ಹೆರೆಸಿಕೊಳ್ಳುವುದು, ಪ್ರತಿ ಶುಕ್ರವಾರ ಸಂಜೆ ಕ್ಲಬ್ಬಿನಲ್ಲಿ ಇಬ್ಬರೂ ಎದುರುಬದುರು ಕೂರುವುದು. ಬೆಲಾರ್ಮಿನೊ ತನ್ನ ಜನ್ಮದಲ್ಲಿ ಕ್ಷೌರದ ಕತ್ತಿ ಮುಟ್ಟಿದವನಲ್ಲ. ಎವಾರಿಸ್ತೊ ಬೇರೆಯವರ ಜೊತೆ ಎಲೆ ಹಿಡಿದವನಲ್ಲ. ಗಂಡಹೆಂಡಿರೂ ಇಷ್ಟು ನಿಯತ್ತಾಗಿ ಇರುವುದಿಲ್ಲ.

ಈ ಸಂಸಾರದ ಮಧ್ಯೆ ಬಂದದ್ದು ಫೋನು.

ಎರ್ಸಿಲಿಯಾಗೆ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ವಿಡಿಯೊ ನೋಡುವ ಅಭ್ಯಾಸ. ‘ನಿಮ್ಮ ಫೋನಿನಲ್ಲಿ ಅಡಗಿರುವ ಗುಟ್ಟುಗಳು’ ಅಂತ ಒಬ್ಬ ಹುಡುಗ, ಗಡ್ಡ ಇನ್ನೂ ಸರಿಯಾಗಿ ಮೂಡಿಲ್ಲ, ದಿನಕ್ಕೊಂದು ಹೇಳಿಕೊಡುತ್ತಿದ್ದ. ಎರ್ಸಿಲಿಯಾ ಎಲ್ಲವನ್ನೂ ಶ್ರದ್ಧೆಯಿಂದ ಕಲಿತಳು, ಕಲಿತದ್ದನ್ನೆಲ್ಲ ಗಂಡನ ಫೋನಿನ ಮೇಲೆ ಪ್ರಯೋಗ ಮಾಡಿದಳು. ತನ್ನದರ ಮೇಲೆ? ಒಂದೂ ಇಲ್ಲ.

“ನಿಂದೇ ಒಂದಿದೆಯಲ್ಲೇ, ಅದರ ಮೇಲೆ ಮಾಡ್ಕೋ!” ಅಂತ ಅವನು ಕೂಗಿದರೆ,

“ನಂದು ಚೆನ್ನಾಗಿದೆ ಮುದುಕಾ, ಅದನ್ಯಾಕೆ ಕೆಡಿಸ್ಲಿ?” ಅನ್ನುತ್ತಿದ್ದಳು.

ಮೊದಲನೆಯ ಗುಟ್ಟು, ಫೋನನ್ನು ಎರಡು ಸಲ ಜೋರಾಗಿ ಅಲುಗಿಸಿದರೆ ಟಾರ್ಚು ಹತ್ತುವುದು. ಸೋಫಾದ ಮೇಲೆ ಕೂತವರಿಗೆ ಒಳ್ಳೆಯದೇ. ಆದರೆ ಸೋಡಾ ಲಾರಿಯಲ್ಲಿ ಕೂತು ನಮ್ಮೂರ ಹೊಂಡದ ರಸ್ತೆಯಲ್ಲಿ ಹೋಗುವವನಿಗೆ? ಪ್ರತಿ ಹೊಂಡಕ್ಕೂ ಅವನ ಪ್ಯಾಂಟಿನ ಜೇಬು ಝಗ್ ಅಂತ ಬೆಳಗುವುದು, ಮುಂದಿನ ಹೊಂಡಕ್ಕೆ ಆರುವುದು. ಸಂಜೆ ರೈಲ್ವೆ ಗೇಟಿನ ಹತ್ತಿರ ಅವನು ಇಳಿದು ನಿಂತಿದ್ದಾಗ ಕಾಳಿನ ಗಾಡಿ ಎಂಜಿನ್ನಿನವನು ಅದನ್ನೇ ಸಿಗ್ನಲ್ ಅಂದುಕೊಂಡು ಇಡೀ ರೈಲು ನಿಲ್ಲಿಸಿದ. “ಯಾಕಪ್ಪಾ ನಿಲ್ಲಿಸಿದೆ?” ಅಂತ ಬೆಲಾರ್ಮಿನೊ ಕೇಳಿದ. “ನಿನ್ನ ಪ್ಯಾಂಟು ಹೇಳ್ತಲ್ಲ ಯಜಮಾನಾ!” ಅಂದ ಅವನು. ಇದನ್ನು ನಾನು ಎಂಜಿನ್ನಿನವನ ಬಾಯಿಂದಲೇ ಕೇಳಿದ್ದು. ಅವನು ಈಗ ತೀರಿಕೊಂಡಿದ್ದಾನೆ, ಕೇಳುವ ಹಾಗಿಲ್ಲ.

ಎರಡನೆಯ ಗುಟ್ಟು, ಫೋನನ್ನು ಮಕಾಡೆ ಮಲಗಿಸಿದರೆ ಅದು ಬಾಯಿ ಮುಚ್ಚಿಕೊಳ್ಳುವುದು. ಲಾರಿಯ ಸೀಟಿನ ಮೇಲೆ ಅವನು ಫೋನನ್ನು ಯಾವಾಗಲೂ ಮಕಾಡೆಯೇ ಇಡುವುದು, ಬಿಸಿಲಿಗೆ ಕಾಯದಿರಲಿ ಅಂತ. ಸೋಡಾ ಬೇಕು ಅಂತ ಕೂಗಿಕೊಂಡವರ ಕರೆಯೆಲ್ಲ ಗಾಳಿಗೆ ಹೋಯಿತು. ಆ ಭಾನುವಾರ ಅರ್ಧ ಊರು ವೈನಿಗೆ ನಲ್ಲಿ ನೀರು ಬೆರೆಸಿ ಕುಡಿದು, ಸೋಮವಾರ ಅವನ ಗೇಟಿನ ಮುಂದೆ ಬಂದು ನಿಂತಿತು. ಮೂರನೆಯದು ಬಣ್ಣ ತೆಗೆದು ಕಪ್ಪುಬಿಳುಪು ಮಾಡುವುದು, ಕಣ್ಣಿಗೆ ತಂಪಂತೆ. ಅವನು ಫೋನಿಗೆ ಏನೋ ಕಾಯಿಲೆ ಬಂತು ಅಂದುಕೊಂಡು ಅದನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಪಕ್ಕ ಮಲಗಿಸಿದ. ನಾಲ್ಕನೆಯದು, ಅದನ್ನು ನೋಡುತ್ತಾ ಇರುವಷ್ಟು ಹೊತ್ತು ಅದು ಕಣ್ಣು ಮುಚ್ಚದೆ ನಮ್ಮನ್ನೇ ನೋಡುತ್ತಿರುವುದು. ಇದನ್ನು ನೆನಪಿಟ್ಟುಕೋ, ಮುಂದೆ ಬರುತ್ತದೆ.

“ಇರಲಾರದೆ ಇರುವೆ ಬಿಟ್ಕೊಂಡ್ರಂತೆ,” ಅಂತ ಬೆಲಾರ್ಮಿನೊ ತಲೆ ಚಚ್ಚಿಕೊಂಡ. “ನೀನು ನಿನ್ನ ಇರುವೇನ ನನ್ನ ಪ್ಯಾಂಟಿಗೆ ಬಿಡ್ತಿದ್ದೀಯ!”

“ಕಲಿಯೋ ವಯಸ್ಸಲ್ಲಿ ಕಲೀಲಿಲ್ಲ, ಈಗಲಾದ್ರೂ ಕಲಿ,” ಅಂದಳು ಎರ್ಸಿಲಿಯಾ.

ಐದನೆಯದು ಹುಬ್ಬಿನದು. ಒಂದು ದಿನ ಅವಳು ನೂಡಲ್ಸಿಗೆ ಹಿಟ್ಟು ನಾದುತ್ತಿದ್ದಳು, ಎರಡೂ ಕೈ ಮೆತ್ತಿಕೊಂಡಿತ್ತು. ಆ ಗಡ್ಡ ಮೂಡದ ಹುಡುಗ ಹೇಳಿದ, ಕೈ ಬೇಕಾಗಿಲ್ಲ, ಫೋನನ್ನು ಎದುರಿಗೆ ನಿಲ್ಲಿಸಿ ಹುಬ್ಬೇರಿಸಿದರೆ ಸಾಕು, ಕೊನೆಯದಾಗಿ ಯಾರಿಗೆ ಕರೆ ಮಾಡಿದ್ದಿರೋ ಅವರಿಗೆ ತಾನೇ ಕರೆ ಹೋಗುತ್ತದೆ ಅಂತ. ಕೈಯಿಲ್ಲದವರಿಗೆ, ಕೈ ನಡೆಯದವರಿಗೆ ಅಂತ ಯಾರೋ ಪುಣ್ಯಾತ್ಮರು ಮಾಡಿಟ್ಟದ್ದು. ಈ ಒಂದನ್ನು ಮಾತ್ರ ಎರ್ಸಿಲಿಯಾ ಮೊದಲು ತನ್ನ ಫೋನಿನಲ್ಲೇ ನೋಡಿದಳು. ಆದರೆ ಅವಳು ಹುಬ್ಬು ಕಿತ್ತು ಪೆನ್ಸಿಲಿನಲ್ಲಿ ಬರೆದುಕೊಳ್ಳುವವಳು. ಆ ಗೆರೆಯನ್ನು ಎಷ್ಟು ಏರಿಸಿದರೂ ಫೋನು ಅದನ್ನು ಹುಬ್ಬು ಅಂತ ಒಪ್ಪಲಿಲ್ಲ. ಆಗ ಪಕ್ಕದಲ್ಲಿ ಗಂಡ ಮಾಟೆ ಎಲೆಯ ಕಷಾಯ ಹೀರುತ್ತಾ ಕೂತಿದ್ದ. ಅವನ ಫೋನಿನಲ್ಲಿ ಗುಟ್ಟನ್ನು ತೆರೆದಳು, ಅವನ ಮೂತಿಯ ಮುಂದೆ ಹಿಡಿದಳು. “ಅಯ್ಯೋ ನೋಡು ಮುದುಕಾ, ಇಲಿ!” ಅಂದಳು. ಹುಬ್ಬೆರಡೂ ಎದ್ದವು. ಫೋನು ಟಕ್ಕಂತ ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಹಿಟ್ಟು ಒಣಗುತ್ತಿತ್ತು, ಅವಳು ಒಳಗೆ ಹೋದಳು. ಗುಟ್ಟನ್ನು ಮುಚ್ಚಲು ಮರೆತಳು. ಇಲಿ ಎಲ್ಲಿ ಅಂತ ಅವನು ಸಂಜೆವರೆಗೂ ಹುಡುಕಿದ.

ಈಗ ಗಮನ ಇಟ್ಟು ಕೇಳು. ಶುಕ್ರವಾರ ಸಂಜೆ ಕ್ಲಬ್ಬಿಗೆ ಹೋಗುವ ಮುಂಚೆ ಬೆಲಾರ್ಮಿನೊ ತಪ್ಪದೆ ಮಾಡುವ ಒಂದು ಕರೆ ಇದೆ. ಮಾಂಸದಂಗಡಿಯ ಲಾದಿಸ್ಲಾವೊನಿಗೆ. ಶನಿವಾರ ಎಷ್ಟು ಪೆಟ್ಟಿಗೆ ಸೋಡಾ ಇಳಿಸಲಿ ಅಂತ. ಅವನೇ ದೊಡ್ಡ ಗಿರಾಕಿ, ಮಾಂಸ ಕೊಂಡವರಿಗೆ ಸೋಡಾನೂ ಮಾರುತ್ತಾನೆ. ತ್ರುಕೊ ಮೇಜಿನಲ್ಲಿ ಎದುರಾಳಿಯೂ ಅವನೇ. ಅವನ ಜೊತೆಗಾರ ಔಷಧಿ ಅಂಗಡಿಯ ಕೋರ್ನೆಲಿಯೊ, ಆಟದಲ್ಲಿ ಮಾತಾಡುವುದಿಲ್ಲ, ಕೆಮ್ಮುತ್ತಾನೆ.

ಮೇಜಿನ ಮೇಲೆ ಬೆಲಾರ್ಮಿನೊ ಫೋನನ್ನು ಸೋಡಾ ಬಾಟಲಿಗೆ ಒರಗಿಸಿ ತನ್ನ ಮುಖಕ್ಕೆ ಎದುರಾಗಿ ನಿಲ್ಲಿಸುತ್ತಿದ್ದ. ಗಿರಾಕಿಗಳ ಕರೆ ಬಂದರೆ ಕಾಣಲಿ ಅಂತ. ಕ್ಲಬ್ಬಿನಲ್ಲಿ ಸದ್ದು ಮಾಡುವ ಹಾಗಿಲ್ಲ, ಹಾಗಾಗಿ ಅದರ ಬಾಯಿ ಕಟ್ಟಿರುತ್ತಿತ್ತು. ಆ ಮೊಂಡು ಫೋನು, ಅವನ ಮುಖ ಎದುರಿಗಿರುವಷ್ಟು ಹೊತ್ತು, ಕಣ್ಣು ಮುಚ್ಚದೆ ಅವನನ್ನೇ ನೋಡುತ್ತಾ ನಿಂತಿರುತ್ತಿತ್ತು.

ಕತ್ತಿ ಎಕ್ಕ ಬಂತು. ಬೆಲಾರ್ಮಿನೊ, ಫೋನಿನ ಕಡೆ ಕಣ್ಣೂ ಹಾಯಿಸದೆ, ಎವಾರಿಸ್ತೊನಿಗೆ ಹುಬ್ಬೇರಿಸಿದ. ಲಾದಿಸ್ಲಾವೊನ ಅಂಗಿಯ ಜೇಬು ಗುರ್ ಅಂದಿತು.

ಮೊದಲನೆಯ ಸಲ ಲಾದಿಸ್ಲಾವೊ ಜೇಬಿಂದ ಫೋನು ತೆಗೆದು ನೋಡಿದ. ಎದುರಿಗೇ ಕೂತ ಮನುಷ್ಯ ಕರೆ ಮಾಡುತ್ತಿದ್ದಾನೆ! ಪಾಪ, ಮುದಿ ಬೆರಳು ತಾಗಿರಬೇಕು ಅಂದುಕೊಂಡ. ಅದೇ ಆಟದಲ್ಲಿ ಬೆಲಾರ್ಮಿನೊ ಕತ್ತಿ ಎಕ್ಕ ಎಸೆದ. ಎರಡನೆಯ ಸಲವೂ ಗುರ್, ಎರಡನೆಯ ಸಲವೂ ಎಕ್ಕ. ದನದ ಮೂಳೆಯಲ್ಲಿ ಸಂದು ಎಲ್ಲಿದೆ ಅಂತ ಕಣ್ಣುಮುಚ್ಚಿ ಹೇಳುವ ಮನುಷ್ಯ ಅವನು, ಮೂರನೆಯ ಸಲ ಬೇಕಾಗಲಿಲ್ಲ. ಅಂದಿನಿಂದ ಗುರ್ ಅಂದರೆ ಎಲೆ ಬಿಸಾಕುವುದು, ಗುರ್ ಅನ್ನದಿದ್ದರೆ ಪಂಥ ಏರಿಸುವುದು. ಚಳಿಗಾಲದ ಪಂದ್ಯ ಶುರುವಾಗಿತ್ತು. ಬೆಲಾರ್ಮಿನೊ ಮತ್ತು ಎವಾರಿಸ್ತೊ ವಾರ ವಾರ ಸೋತರು. ಬೇರೆ ಜೋಡಿಗಳ ಹತ್ತಿರ ಗೆಲ್ಲುವರು, ಲಾದಿಸ್ಲಾವೊನ ಮುಂದೆ ಕೂತರೆ ಸೋಲುವರು. ಎಕ್ಕ ಇದ್ದರೆ ಎದುರಿನವರು ಓಡಿಹೋಗುವರು, ಇಲ್ಲದಿದ್ದರೆ ಮೈಮೇಲೆ ಬೀಳುವರು.

ಫೈನಲ್ಲಿಗೆ ಒಂದು ವಾರ ಇರುವಾಗ, ಶನಿವಾರ, ಬೆಲಾರ್ಮಿನೊ ಎಂದಿನಂತೆ ಕ್ಷೌರದ ಕುರ್ಚಿಯಲ್ಲಿ ಕೂತ. ಎವಾರಿಸ್ತೊ ನೊರೆ ಹಚ್ಚಿದ. ಎಡಕೆನ್ನೆ ಹೆರೆದು ಮುಗಿಸಿದ. ಆಮೇಲೆ ಕತ್ತಿಯನ್ನು ಗಂಟಲ ಮೇಲೆ ಇಟ್ಟ.

“ಭಾವ.”

“ಹ್ಞೂಂ.” ಗಂಟಲ ಮೇಲೆ ಕತ್ತಿ ಇರುವಾಗ ಇನ್ನೇನು ಹೇಳಲಾಗುತ್ತದೆ?

“ಲಾದಿಸ್ಲಾವೊ ನಿಂಗೆ ಏನು ಕೊಡ್ತಾನೆ?”

“ಏನಂದೆ?”

“ಅಲ್ಲಾಡ್ಬೇಡ. ಪಕ್ಕೆಲುಬು ಕೊಡ್ತಾನಾ? ನಾಲಿಗೆ ಕೊಡ್ತಾನಾ? ನಲವತ್ತು ವರ್ಷ ನಂಗೊಬ್ಬನಿಗೇ ಏಳ್ತಿದ್ದ ಹುಬ್ಬು ಈಗ ಅವನಿಗೂ ಏಳ್ತಿದೆ. ಹೇಗೆ ಅಂತ ನಂಗೆ ಗೊತ್ತಾಗ್ತಿಲ್ಲ. ಏಳ್ತಿದೆ ಅನ್ನೋದು ಮಾತ್ರ ಗೊತ್ತು.”

“ಛೆ, ನಿಂಗೆ ತಲೆ ಕೆಟ್ಟಿದೆಯಾ? ನಿನ್ನ ತಂಗಿ ಮೇಲಾಣೆ—”

“ಅವಳನ್ನ ಯಾಕೆ ಎಳೀತೀಯ? ಮೊನ್ನೆ ನಿಮ್ಮನೆ ಒಲೆ ಮೇಲೆ ರಕ್ತದ ಸಾಸೇಜು ನೋಡ್ದೆ. ಲಾದಿಸ್ಲಾವೊ ಕೊಟ್ಟಿದ್ದು ಅಂದ್ಲು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬೆಲಾರ್ಮಿನೊನ ಕೈ ತನಗೆ ತಾನೇ ಹೊಟ್ಟೆಯ ಮೇಲೆ ಹೋಯಿತು. ಆ ಸಾಸೇಜು ಸೋಡಾ ಗಿರಾಕಿ ಮರ್ಯಾದೆಗೆ ಕೊಟ್ಟದ್ದು, ವರ್ಷಗಟ್ಟಲೆ ಕೊಡುತ್ತಿದ್ದದ್ದೇ. ಆದರೆ ಆ ಕೈ ಹೋದ ರೀತಿ ನೋಡಿ ಎವಾರಿಸ್ತೊನ ಮುಖ ಕಲ್ಲಾಯಿತು. ಅವನು ಕತ್ತಿಯನ್ನು ಒರೆಸಿದ. ಮಡಚಿದ. ಬೆಲಾರ್ಮಿನೊನ ಕೊರಳಿನ ಬಟ್ಟೆ ಬಿಚ್ಚಿದ.

“ಇನ್ನರ್ಧ?”

“ಶುಕ್ರವಾರ ಆಟ ಆದ್ಮೇಲೆ ನೋಡೋಣ. ಸೋತ್ರೆ ಮುಂದಿನ ಚಳಿಗಾಲ ನಾನು ಬೇರೆಯವರ ಜೊತೆ ಕೂರ್ತೀನಿ. ನೀನು ಬೇರೆ ಕ್ಷೌರದವನ್ನ ಹುಡುಕ್ಕೋ.”

ಬೆಲಾರ್ಮಿನೊ ಬಲಗೆನ್ನೆಯ ನೊರೆ ಒರೆಸಿಕೊಂಡು ಹೊರಗೆ ಬಂದ. ಒಂದು ಕೆನ್ನೆ ಮೊಟ್ಟೆ, ಇನ್ನೊಂದು ಮುಳ್ಳುಹಂದಿ. ಊರಲ್ಲಿ ಬೇರೆ ಕ್ಷೌರದವನಿಲ್ಲ. ಇದ್ದಿದ್ದರೂ ಹೋಗುತ್ತಿರಲಿಲ್ಲ. ಎರ್ಸಿಲಿಯಾ ತನ್ನ ಕಾಲು ಕ್ಷೌರದ ಬ್ಲೇಡು ಕೊಡಲು ಬಂದರೆ ಬೇಡ ಅಂದ. “ಅವನೇ ಶುರು ಮಾಡಿದ್ದು, ಅವನೇ ಮುಗಿಸ್ಲಿ.” ಆ ವಾರವೆಲ್ಲ ಹಾಗೆಯೇ ಸೋಡಾ ಹಂಚಿದ. ರಸ್ತೆಯ ಎಡಗಡೆಯವರು, ‘ಪರವಾಗಿಲ್ಲ, ಬೆಲಾರ್ಮಿನೊ ಚಿಕ್ಕವನಾಗಿದ್ದಾನೆ’ ಅಂದರು. ಬಲಗಡೆಯವರು, ‘ಪಾಪ, ಯಾರು ತೀರಿಕೊಂಡರು?’ ಅಂತ ಕೇಳಿದರು. ಮುಸುಡಿ ಊದಿಸಿಕೊಂಡು ಎರಡೂ ಗಡೆಗೆ ಒಂದೇ ಉತ್ತರ ಕೊಟ್ಟ: “ಬಾಟ್ಲಿ ಕೊಡಿ!” ಮನೆಗೆ ಬಂದರೆ ಬೀಗ ತೆಗೆಯುವಾಗ ಟಾರ್ಚು ಹತ್ತುತ್ತಿತ್ತು. ಅವನಿಗೆ ಅಳು ಬರುತ್ತಿತ್ತು. ಹೇಳಿಕೊಳ್ಳುವುದು ಯಾರ ಹತ್ತಿರ? ಅಂಥದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದದ್ದೇ ಕ್ಷೌರದ ಕುರ್ಚಿಯಲ್ಲಿ.

ಗುರುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನಲ್ಲಿ ಗಂಡಹೆಂಡಿರು ಮಾಟೆ ಕುಡಿಯುತ್ತಿದ್ದರು. ಅವನು ಆಗಷ್ಟೇ ಲಾದಿಸ್ಲಾವೊನಿಗೆ ಕರೆ ಮಾಡಿ, ಫೈನಲ್ಲಿನ ಗಡಿಬಿಡಿಗೆ ಸೋಡಾ ಒಂದು ದಿನ ಮುಂಚೆ ಇಳಿಸುತ್ತೇನೆ ಅಂತ ಹೇಳಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದ್ದ. ಎರ್ಸಿಲಿಯಾ ಊರ ಸುದ್ದಿ ತೆಗೆದಳು.

“ಔಷಧಿ ಅಂಗಡಿ ಕೋರ್ನೆಲಿಯೊ ಇದಾನಲ್ಲ, ಟ್ಯಾಂಗೊ ಡಾನ್ಸು ಕಲೀತಿದಾನಂತೆ. ಬಿಗಿ ಪ್ಯಾಂಟು ಹೊಲಿಸ್ಕೊಂಡಿದಾನಂತೆ.”

ಬೆಲಾರ್ಮಿನೊನ ಹುಬ್ಬೆರಡೂ ಕೂದಲ ಗಡಿಗೆ ಹೋದವು. ಸಕ್ಕರೆ ಡಬ್ಬಿಯ ಮುಂದಿನಿಂದ ಲಾದಿಸ್ಲಾವೊನ ಗಟ್ಟಿ ದನಿ ಬಂತು, ಹಿಂದೆ ಮೂಳೆ ಕೊಯ್ಯುವ ಗರಗಸದ ಸದ್ದು:

“ಏನಯ್ಯಾ ಬೆಲಾರ್ಮಿನೊ, ಬೆಳ್ಬೆಳಿಗ್ಗೇನೇ ಕತ್ತಿ ಎಕ್ಕ ಬಂತಾ? ಹ್ಹ ಹ್ಹ ಹ್ಹಾ!”

ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ಬೆಲಾರ್ಮಿನೊ ಮುದುಕನಾದರೂ ತ್ರುಕೊ ಆಟಗಾರ. ದನಿ ನಡುಗಲು ಬಿಡಲಿಲ್ಲ. “ಕೈ ತಾಗ್ತು ಲಾದಿಸ್ಲಾವೊ. ಹಾಗೇ ಒಂದು ಕೇಜಿ ಚೊರಿಸೊ ಸಾಸೇಜು ಎತ್ತಿಡು,” ಅಂದು ಕರೆ ಕತ್ತರಿಸಿದ. ಆಮೇಲೆ ಫೋನಿನ ಎದುರು ಇನ್ನೊಂದು ಸಲ ಹುಬ್ಬೇರಿಸಿದ. ಮತ್ತೆ ಲಾದಿಸ್ಲಾವೊನಿಗೇ ಹೊರಟಿತು, ಗಾಬರಿಯಾಗಿ ಕತ್ತರಿಸಿದ.

ಎರ್ಸಿಲಿಯಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ಅಯ್ಯೋ ದೇವರೇ. ನೂಡಲ್ಸು ಮಾಡಿದ ದಿನ!”

“ಏನು ನೂಡಲ್ಸು?”

“ಇಲಿ ಇರ್ಲಿಲ್ಲ ಮುದುಕಾ.”

ಆ ಮನೆಯಲ್ಲಿ ಮುಂದಿನ ಅರ್ಧ ಗಂಟೆ ನಡೆದ ಮಾತನ್ನು ನಾನು ಹೇಳುವುದಿಲ್ಲ, ಇಲ್ಲಿ ಒಳಗೆ ಮಕ್ಕಳಿದ್ದಾರೆ. ಬೆಕ್ಕು ಹಾರಿದ ಅಂಗಳದವರೆಗೂ ಕೇಳಿಸಿತಂತೆ. ಕೂಗಾಟ ಮುಗಿದ ಮೇಲೆ ಎರ್ಸಿಲಿಯಾ ಅದನ್ನು ಮುಚ್ಚಿಬಿಡುತ್ತೇನೆ ಅಂತ ಫೋನಿಗೆ ಕೈ ಹಾಕಿದಳು. ಅವನು ಅವಳ ಕೈ ಹಿಡಿದುಕೊಂಡ.

“ಮುಟ್ಬೇಡ. ನಾಳೆ ತನಕ ಹಾಗೇ ಇರ್ಲಿ. ಜೀವಮಾನದಲ್ಲಿ ಮೊದಲ್ನೇ ಸಲ ನಿನ್ನ ಇರುವೆ ಕೆಲಸಕ್ಕೆ ಬರ್ತಿದೆ.”

ಶುಕ್ರವಾರ ಕ್ಲಬ್ಬಿನ ಬಾಗಿಲಲ್ಲಿ ಎವಾರಿಸ್ತೊನನ್ನು ತಡೆದು ಎಲ್ಲವನ್ನೂ ಹೇಳಿದ. ಇವತ್ತು ಎಲ್ಲ ಉಲ್ಟಾ, ನಾನು ಹುಬ್ಬೇರಿಸಿದರೆ ಕೈಯಲ್ಲಿ ಏನೂ ಇಲ್ಲ ಅಂತ ತಿಳಿ, ಕಿವಿ ತುರಿಸಿಕೊಂಡರೆ ಕತ್ತಿ ಎಕ್ಕ ಇದೆ ಅಂತ ತಿಳಿ ಅಂದ. ಎವಾರಿಸ್ತೊ ನಿನ್ನ ಹಾಗೆಯೇ ಹಲ್ಲು ಕಿರಿದ.

“ನಿನ್ನ ಹುಬ್ಬು ಫೋನ್ ಮಾಡ್ತು. ಮಾಂಸದಂಗಡಿಗೆ.”

“ಹೌದು ಭಾವ.”

“ಮೂಗು ಟಪಾಲಾಫೀಸಿಗೆ ಮಾಡುತ್ತಾ? ಬಾ, ಆಟ ಮುಗ್ಸೋಣ. ಇಂಥ ಕಥೇನ ಅರ್ಧ ಗಡ್ಡ ಇಟ್ಕೊಂಡು ಹೇಳೋಕೆ ನಾಚಿಕೆ ಆಗ್ಬೇಕು.”

ನಾಲ್ವರು ಕೂತರು. ಸುತ್ತ ಇಡೀ ಕ್ಲಬ್ಬು ನಿಂತಿತು. ಬೆಲಾರ್ಮಿನೊ ಸೋಡಾ ಬಾಟಲಿಗೆ ಫೋನನ್ನು ಒರಗಿಸಿದ. ಗುರುವಾರದ ಮೇಲೆ ಅವನು ಬೇರೆ ಯಾರಿಗೂ ಕರೆ ಮಾಡಿರಲಿಲ್ಲ, ಹೆಂಡತಿಗೂ ಮಾಡಲು ಬಿಟ್ಟಿರಲಿಲ್ಲ.

ಮೊದಲಿಗೆ ಬಂದದ್ದು ಕಸದಂಥ ಎಲೆ, ನಾಯಿಗೆ ಹಾಕಿದರೆ ಮೂಸುವುದಿಲ್ಲ. ಬೆಲಾರ್ಮಿನೊ ಹುಬ್ಬೇರಿಸಿದ. ಲಾದಿಸ್ಲಾವೊನ ಬಿಳಿ ಅಂಗಿಯ ಜೇಬು ಗುರ್ ಅಂದದ್ದಷ್ಟೇ ಅಲ್ಲ, ಒಳಗಿನಿಂದ ನೀಲಿಯಾಗಿ ಬೆಳಗಿತು. ಬೆಲಾರ್ಮಿನೊ ‘ತ್ರುಕೊ!’ ಅಂತ ಕೂಗಿದ. ಲಾದಿಸ್ಲಾವೊ ಹಲ್ಲು ಕಚ್ಚಿ ಎಲೆ ಬಿಸಾಕಿದ.

ಎವಾರಿಸ್ತೊ ಜೇಬು ಬೆಳಗಿದ್ದನ್ನು ನೋಡಿದ, ಬೆಲಾರ್ಮಿನೊನ ಹುಬ್ಬು ನೋಡಿದ, ಮತ್ತೆ ಜೇಬು ನೋಡಿದ. ಕೈಚಾಚಿ ಬೆಲಾರ್ಮಿನೊನ ವರ್ಮೂತ್ ವೈನಿನ ಲೋಟಕ್ಕೆ ಸೋಡಾ ಬಿಟ್ಟ. ಒಂದು ವಾರದಿಂದ ಅವನಿಗೆ ನೀರು ಬೇಕಾ ಅಂತಲೂ ಕೇಳದ ಮನುಷ್ಯ. ಬೆಲಾರ್ಮಿನೊನಿಗೆ ಮೂಗು ತುಂಬಿ ಬಂತು. ಸೋಡಾ ಖಾರ ಅಂತ ಎಲ್ಲರೂ ಅಂದುಕೊಂಡರು.

ಹಾಗೆ ಸುಮಾರು ಹೊತ್ತು ನಡೆಯಿತು. ಎಕ್ಕ ಇಲ್ಲದಾಗ ಹುಬ್ಬು, ಜೇಬು ಗುರ್, ಲಾದಿಸ್ಲಾವೊ ಓಟ. ಹಿಂದೆ ಬಿದ್ದಿದ್ದವರು ಮುಂದೆ ಹೋದರು. ಆದರೆ ಮಾಂಸದಂಗಡಿಯವನೂ ದಡ್ಡನಲ್ಲ. ಒಂದು ಸಲ ಗುರ್ ಅಂದರೂ ಹೆದರದೆ “ಒಪ್ಪಿದೆ, ತೋರ್ಸು!” ಅಂದ. ತೋರಿಸಿದರೆ ಕಸ. ಲಾದಿಸ್ಲಾವೊ ಕುರ್ಚಿಗೆ ಒರಗಿ ಉದ್ದಕ್ಕೆ ಉಸಿರುಬಿಟ್ಟ.

“ಓಹೋಹೋ. ಹಂಗಾ ಸಮಾಚಾರ.”

ಅಲ್ಲಿಂದ ಅವನು ಗುರ್ ಅಂದಾಗಲೆಲ್ಲ ಮೇಲೆ ಬಿದ್ದ. ಕೋರ್ನೆಲಿಯೊ ಖುಷಿಯಲ್ಲಿ ಕೆಮ್ಮಿದ. ಕೊನೆಗೆ ಎರಡೂ ಕಡೆಗೆ ಗೆಲ್ಲಲು ಒಂದೇ ಆಟ ಬಾಕಿ ಉಳಿಯಿತು.

ಕೊನೆಯ ಎಲೆ ಹಂಚಿದರು. ಬೆಲಾರ್ಮಿನೊ ಮೂಲೆ ಎತ್ತಿ ನೋಡಿದ. ಕತ್ತಿ ಎಕ್ಕ.

ಸುಮ್ಮನಿರಬೇಕು ಅಂತ ಅವನಿಗೆ ಗೊತ್ತಿತ್ತು. ಹಣೆಯನ್ನು ಗೋಡೆಯ ಹಾಗೆ ಬಿಗಿಹಿಡಿದ. ಆದರೆ ಆ ಹುಬ್ಬಿನ ಚಟ ಹೇಳಿದೆನಲ್ಲ. ಅತ್ತೆ ತೀರಿಕೊಂಡ ದಿನ, ಹೆಣದ ಮುಂದೆ ಯಾರೋ ಕಣ್ಣೊರೆಸಲು ಕರ್ಚೀಫು ಎಳೆದಾಗ ಜೊತೆಗೆ ಕತ್ತಿ ಎಕ್ಕ ಜಾರಿ ಬಿತ್ತು; ಆಗಲೂ ಈ ಹುಬ್ಬು ಎದ್ದು, ಅಳಿಯನಿಗೆ ಮನೆ ಬರೆದುಕೊಟ್ಟಿದ್ದಾಳೆ ಅಂತ ಊರೆಲ್ಲ ಸುದ್ದಿಯಾಗಿತ್ತು. ಈಗಲೂ ಎದ್ದಿತು. ಜೇಬು ಗುರ್ ಅಂತು.

ಲಾದಿಸ್ಲಾವೊ ನಕ್ಕ. ಮತ್ತೆ ಅದೇ ಸುಳ್ಳು ಅಂದುಕೊಂಡ. ಮೇಜು ಗುದ್ದಿ “ತ್ರುಕೊ!” ಅಂದ. ಉತ್ತರ ಕೊಡಬೇಕಾದವನು ಎವಾರಿಸ್ತೊ.

ಬೆಲಾರ್ಮಿನೊನಿಗೆ ಬೆವರು ಬಿತ್ತು. ಹುಬ್ಬೆದ್ದರೆ ಏನೂ ಇಲ್ಲ ಅಂ‌ತ ತಾನೇ ಹೇಳಿಕೊಟ್ಟದ್ದು. ಎವಾರಿಸ್ತೊ ಎಲೆ ಬಿಸಾಕಿದರೆ ಆಟ ಹೋಯಿತು, ಆಟದ ಜೊತೆ ನಲವತ್ತು ವರ್ಷವೂ ಹೋಯಿತು. ಕಿವಿ ತುರಿಸಿಕೊಳ್ಳಬೇಕಿತ್ತಲ್ಲ? ಆದರೆ ಎಕ್ಕ ಇದ್ದರೆ ಕಿವಿಯೋ, ಇಲ್ಲದಿದ್ದರೆ ಕಿವಿಯೋ? ತಲೆಯಲ್ಲಿ ಎಲ್ಲ ಕಲಸಿಹೋಯಿತು. ಕೈ ಅರ್ಧಕ್ಕೆ ಎತ್ತಿದ, ಗಡ್ಡ ಇದ್ದ ಕೆನ್ನೆ ಕೆರೆದುಕೊಂಡ. ಆ ಸನ್ನೆಗೆ ಜಗತ್ತಿನಲ್ಲಿ ಎಲ್ಲಿಯೂ ಅರ್ಥವಿಲ್ಲ.

ಎವಾರಿಸ್ತೊ ಅವನ ಮುಖವನ್ನೇ ನೋಡುತ್ತಿದ್ದ, ಕನ್ನಡಿಯಲ್ಲಿ ನೋಡುವ ಹಾಗೆ, ಅವಸರವಿಲ್ಲದೆ. ಆಮೇಲೆ ಹೇಳಿದ:

“ಒಪ್ಪಿದೆ. ಅದರ ಮೇಲೆ ಇನ್ನೊಂದು ಪಂಥ.”

“ಒಪ್ಪಿದೆ!” ಅಂದ ಲಾದಿಸ್ಲಾವೊ ಕುಣಿಯುತ್ತಾ.

ಬೆಲಾರ್ಮಿನೊ ಕತ್ತಿ ಎಕ್ಕವನ್ನು ಮೇಜಿನ ಮೇಲೆ ಎಸೆದ. ಲೋಟಗಳು ನೆಗೆದವು. ಲಾದಿಸ್ಲಾವೊನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು, ಕೋರ್ನೆಲಿಯೊನ ಕೆಮ್ಮು ಅಂದಿಗೆ ವಾಸಿಯಾಯಿತು.

ಗದ್ದಲದ ಮಧ್ಯೆ ಬೆಲಾರ್ಮಿನೊ ಮೇಜಿನ ಮೇಲೆ ಬಾಗಿ ಕೇಳಿದ: “ಭಾವ, ಹುಬ್ಬೆದ್ದರೆ ಏನೂ ಇಲ್ಲ ಅಂದಿದ್ನಲ್ಲೋ. ಹೆಂಗೆ ನಂಬ್ದೆ?”

“ನೀನು ಸುಳ್ಳಿಗೆ ಏರಿಸ್ದಾಗ ಎಡಗಡೇದು ಸ್ವಲ್ಪ ಮುಂಚೆ ಹೋಗುತ್ತೆ. ನಿಜವಾಗ್ಲೂ ಎದ್ದಾಗ ಎರಡೂ ಒಟ್ಟಿಗೆ ಹೋಗಿ ಕಿವಿ ಹಿಂದಕ್ಕೆ ಸರಿಯುತ್ತೆ. ನಲವತ್ತು ವರ್ಷ ಆ ಕಿವಿ ಸುತ್ತ ಕತ್ರಿ ಆಡ್ಸಿದೀನಿ ಕಣೋ. ಫೋನಿಗೇನು ಗೊತ್ತು ಮುಖ?” ಎವಾರಿಸ್ತೊ ಲೋಟ ತಿರುಗಿಸಿದ. “ಆ ಕಿವೀನ ಶನಿವಾರಾನೇ ನೋಡ್ಬೇಕಿತ್ತು ನಾನು. ಸಾಸೇಜು ನೋಡ್ಕೊಂಡು ಕೂತೆ.”

ಅಷ್ಟು ಹೇಳಿ ಅವನು ಕೋಟಿನ ಜೇಬಿನಿಂದ ಮಡಚಿದ ಕತ್ತಿ ತೆಗೆದ. ತಂದೇ ಇದ್ದ, ನೋಡು, ಸೋತರೂ ಗೆದ್ದರೂ! ಬಾಟಲಿ ಎತ್ತಿ ಬೆಲಾರ್ಮಿನೊನ ಬಲಗೆನ್ನೆಗೆ ಸೋಡಾ ಸಿಡಿಸಿದ. ಇಡೀ ಕ್ಲಬ್ಬಿನ ಎದುರಿಗೆ, ಅದೇ ಕುರ್ಚಿಯಲ್ಲಿ, ಉಳಿದರ್ಧ ಗಡ್ಡ ಹೆರೆದು ಮುಗಿಸಿದ. ಸೋಡಾದ ಖಾರಕ್ಕೆ ಬೆಲಾರ್ಮಿನೊನ ಕಣ್ಣಲ್ಲಿ ನೀರು. ಖಾರಕ್ಕೇ ಅಂತ ಅವನು ಈಗಲೂ ಹೇಳುತ್ತಾನೆ.

ಮನೆಗೆ ಬಂದು ಫೋನನ್ನು ಎರ್ಸಿಲಿಯಾಳ ಮುಂದೆ ಇಟ್ಟ. “ತೆಗಿ ಆ ಹುಬ್ಬಿಂದು. ಈಗ್ಲೇ ತೆಗಿ.”

ಎರ್ಸಿಲಿಯಾ ಒತ್ತಿದಳು, ಎಳೆದಳು, ತಿರುಗಿಸಿದಳು, ಕನ್ನಡಕ ಹಾಕಿಕೊಂಡಳು, ತೆಗೆದಳು.

“ಏನೇ?”

“ಆ ಹುಡುಗ ತೆರೆಯೋದು ಹೆಂಗೆ ಅಂತ ಮಾತ್ರ ಹೇಳ್ಕೊಡ್ತಾನೆ ಮುದುಕಾ. ಮುಚ್ಚೋದು ಹೇಳ್ಕೊಟ್ಟಿಲ್ಲ.”

ಹಾಗಾಗಿ ಅದು ಇವತ್ತಿಗೂ ತೆರೆದೇ ಇದೆ. ಗ್ಯಾಸಿನ ದರ ಏರಿದ ಸುದ್ದಿ ಬಂದರೆ ಲಾದಿಸ್ಲಾವೊನ ಅಂಗಡಿಯಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಟಿವಿಯಲ್ಲಿ ನಮ್ಮವರು ಗೋಲು ಹೊಡೆದರೆ ಹೊಡೆದುಕೊಳ್ಳುತ್ತದೆ. ಲಾದಿಸ್ಲಾವೊ ರೇಡಿಯೊ ಮಾರಿಬಿಟ್ಟಿದ್ದಾನೆ, ಲೋಕದ ಸುದ್ದಿಯೆಲ್ಲ ಬೆಲಾರ್ಮಿನೊನ ಹುಬ್ಬಿನಿಂದಲೇ ತಿಳಿಯುತ್ತದೆ ಅಂತ. ಮತ್ತೆ ಹಲ್ಲು ಕಿರಿದೆಯಾ? ಹೋದ ತಿಂಗಳು ಬೆಲಾರ್ಮಿನೊ ವೈದ್ಯರ ಹತ್ತಿರ ಹೋಗಿದ್ದಾಗ, ವೈದ್ಯರು ಅವನ ಬೆನ್ನಿಗೆ ತಣ್ಣಗಿನ ಕೊಳವೆ ಇಟ್ಟರು, ಫೋನು ಎದುರಿಗಿತ್ತು, ಆಗ ಏನಾಯಿತು ಅಂದರೆ—

“ತಾತಾ! ತಟ್ಟೇಲಿ ರವಿಯೋಲಿ ಆರ್ತಾ ಇದೆ! ಆ ಮನುಷ್ಯನ್ನ ಬಿಟ್ಟು ಬರ್ತೀಯೋ, ಕರ್ಕೊಂಡೇ ಬರ್ತೀಯೋ?”

ಬಂದೆ, ಬಂದೆ. ನೀನೂ ಏಳು, ಬಾ. ಮೇಜಿನ ಮೇಲೆ ಅವನದೇ ಸೋಡಾ ಇದೆ, ನಾನು ಬಾಟಲಿ ಒತ್ತುವಾಗ ಮಾತ್ರ ಎದುರಿಗೆ ಕೂರಬೇಡ.